ಕೊಡಗಿನ ಮನೆ ವೈನ್

ಹಣ್ಣಿಗೆ ಸಕ್ಕರೆ, ನೀರು ಮತ್ತು ಯೀಸ್ಟ್ ಬೆರೆಸಿ, ಮನೆಯ ಭರಣಿಯಲ್ಲೇ ಹುದುಗಲು ಬಿಟ್ಟು ಸೋಸಿ ತೆಗೆಯುವ ಸಿಹಿ ಪಾನೀಯಕ್ಕೆ ಕೊಡಗಿನ ಮನೆ ವೈನ್ ಎಂಬ ಹೆಸರು ನಿಂತಿದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದ ಅಂಗಡಿಗಳಲ್ಲಿ ಕಾಫಿಪುಡಿ, ಕರಿಮೆಣಸು, ಜೇನುತುಪ್ಪದ ಜೊತೆಗೆ 'ಹೋಮ್ ಮೇಡ್ ವೈನ್' ಫಲಕವೂ ಪ್ರವಾಸಿಗರನ್ನು ಕರೆಯುತ್ತದೆ. ಕಪ್ಪು ದ್ರಾಕ್ಷಿಯದು ಮೊದಲ ಸಾಲಿನಲ್ಲಿದ್ದರೆ ಪ್ಯಾಶನ್ ಫ್ರೂಟ್, ನೆಲ್ಲಿ, ನೇರಳೆ, ಕಿತ್ತಳೆ, ಶುಂಠಿ, ವೀಳ್ಯದೆಲೆ, ಸೂಜಿಮೆಣಸಿನವು ಅದರ ಹಿಂದೆ ಬರುತ್ತವೆ.

ದ್ರಾಕ್ಷಿ ಮಾತ್ರ ಕೊಡಗಿನದಲ್ಲ. ಹಣ್ಣು ಮಾಗುವ ಹೊತ್ತಿಗೆ ದ್ರಾಕ್ಷಿ ಬಳ್ಳಿಗೆ ಒಣಹವೆ ಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಕಡೆ ಬೂಜುರೋಗ ಎಲೆಯನ್ನೂ ಗೊಂಚಲನ್ನೂ ಉಳಿಸುವುದಿಲ್ಲ. ಆದ್ದರಿಂದ ಭರಣಿಗೆ ಬೀಳುವ ಹಣ್ಣು ಬಯಲುಸೀಮೆಯಿಂದ ಬರುತ್ತದೆ. ರಾಜ್ಯದ ಮಾರುಕಟ್ಟೆಗಳಲ್ಲಿ ಸುಲಭವಾಗಿ ಸಿಗುವ ಕಪ್ಪು ದ್ರಾಕ್ಷಿಯೆಂದರೆ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ದಪ್ಪ ಸಿಪ್ಪೆ, ಒಳಗೆ ಬೀಜ, ಎದ್ದು ಬರುವ ಹುಳಿ, ದೂರದಿಂದಲೇ ಗೊತ್ತಾಗುವ ಗಾಢ ಪರಿಮಳ. ವೈನಿನ ಪಂಡಿತರು ಈ ಪರಿಮಳವನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಮನೆ ವೈನಿಗೆ ಬಣ್ಣವೂ ಗುರುತೂ ಸಿಗುವುದು ಮಾತ್ರ ಅದರಿಂದಲೇ.

ಮಾಡುವ ಕ್ರಮ ಮನೆಯಿಂದ ಮನೆಗೆ ಬೇರೆ. ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ತೊಳೆದು, ನೀರಿನ ಪಸೆ ಉಳಿಯದಂತೆ ಬಟ್ಟೆಯ ಮೇಲೆ ಹರವಿ ಆರಿಸುತ್ತಾರೆ. ಒಣಗಿದ ಪಿಂಗಾಣಿ ಭರಣಿಯಲ್ಲಿ ಹಣ್ಣನ್ನು ಕಿವುಚಿ, ಕುದಿಸಿ ಆರಿಸಿದ ನೀರು, ಸಕ್ಕರೆ, ಬೆಚ್ಚನೆಯ ನೀರಿನಲ್ಲಿ ಎಬ್ಬಿಸಿದ ಯೀಸ್ಟ್ ಸೇರಿಸುತ್ತಾರೆ. ಕೆಲವರು ಒಂದು ಹಿಡಿ ಗೋಧಿಯನ್ನೂ ನಾಲ್ಕು ಲವಂಗ, ಒಂದು ತುಂಡು ಚಕ್ಕೆಯನ್ನೂ ಹಾಕುವುದುಂಟು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟರೆ ಮರುದಿನಕ್ಕೆ ಸಿಪ್ಪೆಯೆಲ್ಲ ಮೇಲಕ್ಕೆ ಬಂದು ಕೆನೆಗಟ್ಟುತ್ತದೆ. ಕಿವಿಗೊಟ್ಟರೆ ಸಣ್ಣಗೆ ಬುಸುಗುಟ್ಟುವ ಸದ್ದು. ಮೇಲೆ ಬಂದ ಸಿಪ್ಪೆಗೆ ಬೂಜು ಹಿಡಿಯದಿರಲೆಂದು ದಿನವೂ ಒಣ ಮರದ ಸೌಟಿನಿಂದ ಕದಡಬೇಕು. ಸುಮಾರು ಮೂರು ವಾರಕ್ಕೆ ಸದ್ದು ಅಡಗುತ್ತದೆ. ಆಗ ಬಟ್ಟೆಯಲ್ಲಿ ಸೋಸಿ, ಗಸಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಾಟಲಿಗೆ ಬಗ್ಗಿಸುತ್ತಾರೆ. ಬಣ್ಣ ಸಾಲದೆ ಹೋದರೆ ಸುಟ್ಟ ಸಕ್ಕರೆಯ ಪಾಕ ಬೀಳುತ್ತದೆ.

ಈ ವೈನಿನ ರುಚಿಯನ್ನು ನಿರ್ಧರಿಸುವುದು ಹಣ್ಣಿಗಿಂತ ಹೆಚ್ಚಾಗಿ ಸಕ್ಕರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ ಒಂದರಷ್ಟು ಆಲ್ಕೊಹಾಲ್ ಹುಟ್ಟುತ್ತದೆ. ಆದರೆ ಯೀಸ್ಟಿಗೂ ತಾಳಿಕೆಯ ಮಿತಿಯಿದೆ. ಆಲ್ಕೊಹಾಲ್ ಶೇಕಡಾ 12ರಿಂದ 14ರ ಆಸುಪಾಸಿಗೆ ಬಂದಾಗ ಸಾಮಾನ್ಯ ಯೀಸ್ಟ್ ಕೈಚೆಲ್ಲುತ್ತದೆ. ಹಣ್ಣಿನಷ್ಟೇ ತೂಕದ ಸಕ್ಕರೆ ಸುರಿದ ಭರಣಿಯಲ್ಲಿ ಸಾಕಷ್ಟು ಸಕ್ಕರೆ ಹಾಗೆಯೇ ಉಳಿಯುವುದು ಇದರಿಂದ. ಸಿಹಿಯ ಅಡಿಯಲ್ಲಿ ಹುಳಿ ಮರೆಯಾಗುತ್ತದೆ, ಒಗರು ಮರೆಯಾಗುತ್ತದೆ, ಹಣ್ಣಿನ ಕೊರತೆಯೂ ಮರೆಯಾಗುತ್ತದೆ.

ಇದಕ್ಕೆ ನೇರ ಎದುರು ತುದಿ ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿದೆ. ಅಲ್ಲಿನ ಊರ್ವಿಲ್ ಹಳ್ಳಿಯ ಡ್ರಾಪಿಯೇ ಮನೆತನ 1808ರಿಂದ ದ್ರಾಕ್ಷಿ ಬೆಳೆಯುತ್ತಿದೆ. ಅವರ ನೆಲಮಾಳಿಗೆಯನ್ನು 1152ರಲ್ಲಿ ಕ್ಲೇರ್ವೋ ಮಠದ ಸನ್ಯಾಸಿಗಳು ಕಟ್ಟಿದ್ದರು. ಅವರ 'ಬ್ರೂಟ್ ನೇಚರ್' ವೈನಿಗೆ ಪಿನೋ ನ್ವಾರ್ ಎಂಬ ಒಂದೇ ಕಪ್ಪು ತಳಿ ಸಾಕು. ಗೊಂಚಲನ್ನು ಮೆಲ್ಲಗೆ ಹಿಂಡಿ ಸಿಪ್ಪೆಯನ್ನು ಕೂಡಲೇ ಬೇರ್ಪಡಿಸುವುದರಿಂದ ಕಪ್ಪು ಹಣ್ಣಿನಿಂದ ಹೊನ್ನಿನ ಬಣ್ಣದ ರಸ ಇಳಿಯುತ್ತದೆ. ಸಕ್ಕರೆ ಅಲ್ಲೂ ಇಲ್ಲದಿಲ್ಲ. ಮೊದಲ ಹುದುಗು ಮುಗಿದ ವೈನನ್ನು ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚುವುದು ಶಾಂಪೇನಿನ ಪದ್ಧತಿ. ಯೀಸ್ಟ್ ಅದನ್ನು ಪೂರ್ತಿ ತಿಂದುಬಿಡುತ್ತದೆ. ಹೊರಬರಲಾರದ ಅನಿಲ ವೈನಿನಲ್ಲೇ ಕರಗಿ ಆರು ವಾಯುಭಾರದಷ್ಟು ಒತ್ತಡ ಕಟ್ಟುತ್ತದೆ. ನೊರೆ ಎಂದರೆ ಅದೇ. ಕೊನೆಗೆ ಗಸಿ ತೆಗೆದು ಬಿರಡೆ ಹಾಕುವ ಮುನ್ನ ಹೆಚ್ಚಿನ ತಯಾರಕರು ಒಂದಿಷ್ಟು ಸಿಹಿ ಬೆರೆಸುತ್ತಾರೆ. ಬ್ರೂಟ್ ನೇಚರಿಗೆ ಅದನ್ನೂ ಹಾಕುವುದಿಲ್ಲ. ಯುರೋಪಿನ ನಿಯಮದಂತೆ ಅದರಲ್ಲಿ ಉಳಿದಿರುವ ಸಕ್ಕರೆ ಲೀಟರಿಗೆ 3 ಗ್ರಾಮಿಗಿಂತ ಕಡಿಮೆಯಿರಬೇಕು. ಹೀಗೆ ಬೆತ್ತಲಾಗಿ ನಿಲ್ಲುವ ವೈನಿನಲ್ಲಿ ಹಣ್ಣಿನ ಯಾವ ದೋಷಕ್ಕೂ ಮರೆಯಿಲ್ಲ. ಬೆಂಗಳೂರು ಬ್ಲೂ ಈ ಪರೀಕ್ಷೆಯನ್ನು ಗೆಲ್ಲುವುದು ಕಷ್ಟ: ಸಿಹಿ ತೆಗೆದರೆ ಅದರ ಹುಳಿ ಮತ್ತು ಆ ಗಾಢ ವಾಸನೆ ನಾಲಿಗೆಯ ಮೇಲೆ ಒಂಟಿಯಾಗಿ ಉಳಿಯುತ್ತವೆ.

ಮನೆ ವೈನಿನಲ್ಲೂ ಕೆಲವೊಮ್ಮೆ ನೊರೆ ಏಳುತ್ತದೆ, ಬೇಕೆಂದಲ್ಲ. ಹುದುಗು ನಿಲ್ಲುವ ಮೊದಲೇ ಸೋಸಿ ಬಿಗಿಯಾಗಿ ಮುಚ್ಚಿದರೆ ಬಾಟಲಿಯೊಳಗೆ ಅನಿಲ ತುಂಬುತ್ತಲೇ ಹೋಗುತ್ತದೆ. ಶಾಂಪೇನಿನ ಬಾಟಲಿಯ ದಪ್ಪ ಗಾಜು ಈ ಒತ್ತಡ ತಡೆಯಲೆಂದೇ ಆದದ್ದು. ತೆಳು ಗಾಜಿನ ಬಾಟಲಿ ಸಿಡಿದು ಕೈಗೆ, ಕಣ್ಣಿಗೆ ಗಾಯ ಮಾಡಬಲ್ಲದು. ಸದ್ದು ಪೂರಾ ಅಡಗಿದ ಮೇಲೂ ಕೆಲವು ದಿನ ಮುಚ್ಚಳ ಸಡಿಲವಿಟ್ಟು ನೋಡುವುದು ಕ್ಷೇಮ.

ಕಾನೂನು ಈ ಭರಣಿಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಮನೆಯಲ್ಲಿ ಮಾಡಿದ್ದು ಎಂಬ ಬರಹ ಅಂಗಡಿಯವರಿಗೆ ರಕ್ಷಣೆಯಾಗುವುದಿಲ್ಲ. ರಾಜ್ಯ ಸರ್ಕಾರ 2007ರಲ್ಲಿ ತಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬೆಳೆಗಾರರಿಗೂ ವೈನರಿಗಳಿಗೂ ದಾರಿ ತೆರೆಯಿತು. ಅದರ ಫಲ ಹೆಚ್ಚಾಗಿ ಸಿಕ್ಕಿದ್ದು ನಂದಿ ಬೆಟ್ಟದ ಸುತ್ತಿನ ಮತ್ತು ಕೃಷ್ಣಾ ಕಣಿವೆಯ ತೋಟಗಳಿಗೆ. ಕೊಡಗಿನ ಅಂಗಡಿಗಳ ಎಷ್ಟೋ ಬಾಟಲಿಗಳ ಮೇಲೆ ಆಲ್ಕೊಹಾಲಿನ ಪ್ರಮಾಣವಾಗಲಿ, ತಯಾರಿಯ ದಿನಾಂಕವಾಗಲಿ ಇರುವುದಿಲ್ಲ. ಶುಂಠಿ ವೈನಿನ ಹೆಸರಲ್ಲಿ ಬರುವುದರಲ್ಲಿ ಹುದುಗೇ ಏಳದ ಸಕ್ಕರೆ ಪಾಕವೂ ಇರುತ್ತದೆ. ಪ್ಯಾಶನ್ ಫ್ರೂಟ್, ನೇರಳೆ, ಕಿತ್ತಳೆ ಮೂರೂ ಕೊಡಗಿನಲ್ಲೇ ಬೆಳೆಯುವ ಹಣ್ಣುಗಳು. ಇವುಗಳ ವೈನಿಗೆ ಸಣ್ಣ ತಯಾರಕರ ಕೈಗೆಟುಕುವ ಪರವಾನಗಿ ಸಿಕ್ಕಿದರೆ, ಹೊರಗಿನ ದ್ರಾಕ್ಷಿ ಮತ್ತು ಕೇಜಿಗಟ್ಟಲೆ ಸಕ್ಕರೆಯನ್ನು ನೆಚ್ಚಿಕೊಂಡಿರುವ ಈ ಕಸುಬಿಗೆ ಅವೇ ಗಟ್ಟಿ ಆಧಾರವಾಗಬಲ್ಲವು.