ಪುಕ್ಕಟೆ ಬಂದರೂ ಬೇಡವಾದ ಚಿಪ್‌ಗಳು

2009ರ ಮೇ 13ರಂದು ಯುರೋಪಿಯನ್ ಕಮಿಷನ್, ಸ್ಪರ್ಧೆಗೆ ಧಕ್ಕೆ ತಂದದ್ದಕ್ಕಾಗಿ ಚಿಪ್ ತಯಾರಕ ಇಂಟೆಲ್ ಕಂಪನಿಗೆ 106 ಕೋಟಿ ಯೂರೊ ದಂಡ ಹಾಕಿತು. ಅಂದಿನ ಪತ್ರಿಕಾ ಹೇಳಿಕೆಯನ್ನು ದಂಡದ ವಿವರಕ್ಕೆಂದು ತೆರೆದ ನಾನು ಮತ್ತೊಂದು ಸಾಲಿನಲ್ಲಿ ಸಿಕ್ಕಿಬಿದ್ದೆ. ಎದುರಾಳಿ ಎಎಂಡಿ ಒಬ್ಬ ಕಂಪ್ಯೂಟರ್ ತಯಾರಕನಿಗೆ 10 ಲಕ್ಷ ಚಿಪ್‌ಗಳನ್ನು ಪುಕ್ಕಟೆ ಕೊಡಲು ಮುಂದಾಗಿತ್ತು. ಆತ ತೆಗೆದುಕೊಂಡದ್ದು 1,60,000 ಮಾತ್ರ. ಪುಕ್ಕಟೆ ಕೊಟ್ಟರೂ ಬೇಡವೆನ್ನುವ ವ್ಯಾಪಾರಿ ಯಾರು?

ಹೇಳಿಕೆಯಲ್ಲಿ ಹೆಸರಿರಲಿಲ್ಲ. ಹಿಂದಕ್ಕೆ ಹೋಗಿ, 2005ರ ಜೂನ್‌ನಲ್ಲಿ ಎಎಂಡಿ ಅಮೆರಿಕದ ಡೆಲವೇರ್ ಕೋರ್ಟಿನಲ್ಲಿ ಹೂಡಿದ ದಾವೆ ಓದಿದೆ. ಹೆಸರು ಅಲ್ಲಿತ್ತು: ಎಚ್‌ಪಿ. ಕಾರಣದ ಬಗ್ಗೆ ಕಮಿಷನ್ ಹೇಳುವುದಿಷ್ಟು: ಕಚೇರಿ ಡೆಸ್ಕ್‌ಟಾಪ್‌ಗಳಿಗೆ ಬೇಕಾದ ಚಿಪ್‌ಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ತನ್ನಿಂದಲೇ ಕೊಂಡರೆ ಇಂಟೆಲ್ ರಿಯಾಯಿತಿ ಕೊಡುತ್ತಿತ್ತು.

ನಂಬಿಕೆ ಬರಲೆಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಅಂಕಿಗಳು ನನ್ನ ಊಹೆಯವು. ಬೇಕಾದದ್ದು 100 ಚಿಪ್, ಒಂದಕ್ಕೆ 100 ರೂಪಾಯಿ. 95 ಕೊಂಡರೆ ಒಂದೊಂದರ ಮೇಲೂ 10 ರೂಪಾಯಿ ರಿಯಾಯಿತಿ. ಎದುರಾಳಿಯಿಂದ 5 ಪುಕ್ಕಟೆ ಪಡೆದರೆ ಒಟ್ಟು ಖರ್ಚು 8,550. 12 ಪುಕ್ಕಟೆ ಪಡೆದರೆ ರಿಯಾಯಿತಿ ತಪ್ಪಿ, ಉಳಿದ 88ಕ್ಕೆ 8,800 ತೆರಬೇಕು. ಏಳು ಚಿಪ್ ಹೆಚ್ಚು ಪುಕ್ಕಟೆ ಸಿಕ್ಕಿದ್ದಕ್ಕೆ 250 ರೂಪಾಯಿ ನಷ್ಟ!

ಲೆಕ್ಕ ಕೂಡಿಬಂತೆಂದು ಕಡತ ಮುಚ್ಚುವಂತಿರಲಿಲ್ಲ. 2022ರ ಜನವರಿಯಲ್ಲಿ ಯುರೋಪಿನ ಜನರಲ್ ಕೋರ್ಟ್, ಈ ರಿಯಾಯಿತಿಗಳು ಸ್ಪರ್ಧೆಗೆ ಧಕ್ಕೆ ತಂದವೆಂಬುದನ್ನು ಕಮಿಷನ್ ಸರಿಯಾಗಿ ಸಾಬೀತು ಮಾಡಿಲ್ಲವೆಂದು ದಂಡವನ್ನೇ ರದ್ದುಮಾಡಿತು. 2024ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಾಗಾಗಿ ರಿಯಾಯಿತಿಯೇ ಅಪರಾಧವೆಂದು ನಾನು ಬರೆಯಲಾರೆ. ಆದರೆ ಎಎಂಡಿ ಚಿಪ್ ಇರುವ ಕಂಪ್ಯೂಟರ್‌ಗಳನ್ನು ತಡೆಹಿಡಿಯಲು ಎಚ್‌ಪಿ, ಏಸರ್, ಲೆನೊವೊಗಳಿಗೆ ಇಂಟೆಲ್ ನೇರವಾಗಿ ಹಣ ಕೊಟ್ಟಿತೆಂಬ ಭಾಗವನ್ನು 2022ರ ತೀರ್ಪು ಕೈಬಿಡಲಿಲ್ಲ. ಅದಕ್ಕೇ 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 37.6 ಕೋಟಿ ಯೂರೊಗಳ ಹೊಸ ದಂಡ ಬಿತ್ತು.

ನನಗೆ ಹೆಚ್ಚು ನೋವು ತಂದದ್ದೂ ಈ ಭಾಗವೇ. ರಿಯಾಯಿತಿಯಿಂದ ಕೊಳ್ಳುವವನಿಗೂ ನಾಲ್ಕು ಕಾಸು ಉಳಿಯಿತೆಂದು ವಾದಿಸಬಹುದು. ಇಲ್ಲಿ ಅವನ ಮುಂದಿದ್ದ ಆಯ್ಕೆಯನ್ನೇ ಅವನಿಗೆ ತಿಳಿಯದಂತೆ ಕಿತ್ತುಕೊಳ್ಳಲಾಗಿತ್ತು. ಇಂಟೆಲ್‌ನ ಷರತ್ತು ಇದು: ಎಚ್‌ಪಿಯ ಎಎಂಡಿ ಡೆಸ್ಕ್‌ಟಾಪ್ ಎಚ್‌ಪಿಯಿಂದಲೇ ನೇರವಾಗಿ ತರಿಸಿಕೊಂಡರೆ ಮಾತ್ರ ಸಿಗಬೇಕು, ವಿತರಕರ ದಾಸ್ತಾನಿನಲ್ಲಿ ಇರಕೂಡದು. 2004ರ ಸೆಪ್ಟೆಂಬರ್‌ನ ಇಮೇಲ್ ಒಂದರಲ್ಲಿ ಎಚ್‌ಪಿ ಅಧಿಕಾರಿಯೊಬ್ಬರು ತಮ್ಮವರನ್ನು ಎಚ್ಚರಿಸಿದ್ದರು: ಯಾವ ದೇಶದಲ್ಲೂ ವಿತರಕರ ಮೂಲಕ ಮಾರಬೇಡಿ, ಮಾರಿದರೆ ಸಿಕ್ಕಿಬೀಳುತ್ತೇವೆ, ತಿಂಗಳು ತಿಂಗಳು ಬರುವ ಇಂಟೆಲ್ ಹಣ ನಿಂತುಹೋಗುತ್ತದೆ.