ಯೋಧನ ವಿರಾಮ

ದಂಡಿನ ಬೀಡಿನಲ್ಲಿ ಜಗಳ, ಕುಡಿತ, ಕೂಟ, ಜೂಜುಗಳನ್ನು ತಡೆಯತಕ್ಕದ್ದೆಂದೂ, ಹೋಗಿಬರುವವರ ಮುದ್ರೆಯನ್ನು ಪರೀಕ್ಷಿಸುವ ಕಾವಲಿರತಕ್ಕದ್ದೆಂದೂ ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ವಿಧಿಸಿರುವನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚು ಮಾಡಿಸಿ ಬೆಳಕಿಗೆ ತಂದರು. ನಲವತ್ತು ವರ್ಷಗಳ ತರುವಾಯ, 1949ರಲ್ಲಿ, ಅದೇ ಮೈಸೂರು ಸೀಮೆಯ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಸ್ಥಾಪಿತವಾಯಿತು. ಮರುವರ್ಷವೇ 1950ರ ವಾಯುಪಡೆ ಕಾಯಿದೆಯು ಹುಟ್ಟಿತು.

ಕೌಟಿಲ್ಯನು ಬೀಡಿನಿಂದ ಪಾನವನ್ನೇ ಹೊರಗಿಟ್ಟನು. ಈ ಕಾಯಿದೆಯು ಹಾಗೆ ಮಾಡಲಿಲ್ಲ. ಸೈನಿಕರ ಕ್ಯಾಂಟೀನಿನಲ್ಲಿ ರಮ್ಮು ಗೊತ್ತಾದ ಅಳತೆಯಂತೆ ದೊರೆಯುವುದು. ಆದರೆ 48ನೆಯ ಪ್ರಕರಣದ ಪ್ರಕಾರ, ಅಮಲೇರಿದ ಸ್ಥಿತಿಯಲ್ಲಿ ಸಿಕ್ಕಿದವನು, ಕೆಲಸದ ಮೇಲಿರಲಿ ಇಲ್ಲದಿರಲಿ, ಸೈನಿಕ ನ್ಯಾಯಾಲಯಕ್ಕೆ ಉತ್ತರ ಹೇಳಬೇಕು. ಅಪರಾಧವು ಸಿದ್ಧವಾದರೆ ಅಧಿಕಾರಿಯು ಹುದ್ದೆಯನ್ನೇ ಕಳೆದುಕೊಳ್ಳಬಹುದು. ಉಳಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವುಂಟು. ಬಿಡುವಿನ ವೇಳೆಯ ತಪ್ಪಿಗೆ ಈ ಸೆರೆಯು ಆರು ತಿಂಗಳನ್ನು ಮೀರಲಾಗದು. ಶಿಕ್ಷೆ ಕಿರಿದಾದೀತೇ ಹೊರತು ತಪ್ಪು ತಪ್ಪಲ್ಲವೆನಿಸದು.

ಊರಿನ ಗೃಹಸ್ಥನು ಮನೆಯಲ್ಲಿ ಕುಡಿದು ಮಲಗಿದರೆ ಯಜಮಾನನು ಕೇಳುವಂತಿಲ್ಲ. ಯೋಧನ ವಿರಾಮವಾದರೋ ಪೂರ್ತಿಯಾಗಿ ಅವನದಲ್ಲ. ಇದು ಕಠಿನವೆಂದು ತೋರಬಹುದು. ಆದರೆ ಇರುಳಿನ ಅಮಲು ಬೆಳಗಿನವರೆಗೂ ಉಳಿದು, ವಿಮಾನದ ಕೀಲನ್ನು ಬಿಗಿಯುವ ಕೈ ನಡುಗಿದರೆ, ಅಪಾಯಕ್ಕೊಳಗಾಗುವುದು ಅದನ್ನೇರುವ ಇನ್ನೊಬ್ಬನ ಪ್ರಾಣ. ನಿಯಮಕ್ಕೆ ಆಧಾರವು ಇದೇ. ಯೋಧನಿಗೆ ಸಲ್ಲುವ ಸಂಬಳ ಸವಲತ್ತುಗಳನ್ನು ಎಣಿಸುವ ಪ್ರಜೆಗಳು, ಅವನು ಬಿಟ್ಟುಕೊಟ್ಟಿರುವ ಈ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಾದುದು.