ಪೂಜೆಯೂ ಪಂಕ್ತಿಯೂ

ಜನರು ಕೂಡಿ ದೇವರನ್ನು ಪೂಜಿಸುವುದರಿಂದ ಸಮುದಾಯವೊಂದು ಏರ್ಪಡುವುದೆಂಬುದು ಸರ್ವಸಮ್ಮತವಾದ ಮಾತು. ಆದರೆ ಆ ಸಮುದಾಯದ ಮೇರೆ ಎಲ್ಲಿಯವರೆಗೆಂಬುದು ಪೂಜೆಗಿಂತ ಪಂಕ್ತಿಯಲ್ಲಿ ಸ್ಪಷ್ಟವಾಗುವುದು. ಯಾರ ಕೈಯ ನೀರನ್ನು ಯಾರು ಸ್ವೀಕರಿಸುವರು, ಯಾರ ಮನೆಯ ಅನ್ನವನ್ನು ಯಾರು ನಿರಾಕರಿಸುವರು ಎಂಬ ವಿವರಗಳು ಧರ್ಮಚರಿತ್ರೆಗೆ ಶಾಸನಗಳಷ್ಟೇ ಉಪಯುಕ್ತವಾದ ಸಾಧನಗಳು. ಪುಣೆಯ ಒಂದು ಕ್ರೈಸ್ತ ಇಗರ್ಜಿಯ ವೃತ್ತಾಂತವೂ ರಾಯಚೂರು ಸೀಮೆಯ ಮಾನ್ವಿಯ ಒಂದು ಐತಿಹ್ಯವೂ ಇದಕ್ಕೆ ನಿದರ್ಶನಗಳಾಗಿವೆ.

ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದುವು. ಅಂದಿನಿಂದ ಈ ಸೀಮೆಗೆ ಪುಣೆಯು ರೈಲುದಾರಿಯ ಊರಾಯಿತು. ಆ ನಗರದ ಪಂಚಹೌದಿನಲ್ಲಿ ೧೮೮೫ರಲ್ಲಿ ನಿರ್ಮಿತವಾದ ‘ಪವಿತ್ರನಾಮ’ದ ಇಗರ್ಜಿಯು ಆಂಗ್ಲೋ-ಕ್ಯಾಥೊಲಿಕ್ ಪಂಥದವರ ಕೇಂದ್ರವಾಗಿದ್ದಿತು. ಈ ಪಂಥದ ಮೂಲಸ್ಥಾನ ಇಂಗ್ಲೆಂಡಿನ ಆಕ್ಸ್‌ಫರ್ಡ್. ೧೮೩೩ನೆಯ ಜುಲೈ ೧೪ರಂದು ಜಾನ್ ಕೀಬಲ್ ಎಂಬ ವಿದ್ವಾಂಸನು ಮಾಡಿದ ಉಪದೇಶವೇ ಇದರ ಆರಂಭವೆಂದು ಎಣಿಸುವರು. ಆಂಗ್ಲ ಚರ್ಚು ರಾಜಾಂಗದ ಒಂದು ಇಲಾಖೆಯಲ್ಲ, ಅಪೊಸ್ತಲರಿಂದ ಅವಿಚ್ಛಿನ್ನವಾಗಿ ಇಳಿದುಬಂದ ಪರಂಪರೆ ಎಂಬುದು ಇವರ ಸಿದ್ಧಾಂತ. ಗುರುಪರಂಪರೆಯನ್ನು ಪ್ರಮಾಣವಾಗಿ ಭಾವಿಸುವ ಭಾರತೀಯ ಮಠಗಳವರಿಗೆ ಈ ವಾದವು ಹೊಸತೆನಿಸದು. ಧೂಪ, ದೀಪ, ಘಂಟಾನಾದ, ಪೂಜಾಕಾಲದ ವಿಶೇಷವಸ್ತ್ರ ಮೊದಲಾದ ಉಪಚಾರಗಳನ್ನು ಇವರು ಪುನಃ ರೂಢಿಗೆ ತಂದರು. ೧೮೬೬ರಲ್ಲಿ ಬೆನ್ಸನ್ ಎಂಬ ಪಾದ್ರಿಯು ಆಕ್ಸ್‌ಫರ್ಡಿನ ಕೌಲಿಯಲ್ಲಿ ಸ್ಥಾಪಿಸಿದ ಸಂನ್ಯಾಸಿ ಸಂಘದವರೂ ವಾಂಟೇಜಿನ ಸಂನ್ಯಾಸಿನಿಯರೂ ಪುಣೆಗೆ ಬಂದು ಪೂಜೆಯೊಡನೆ ವಿದ್ಯಾದಾನವನ್ನೂ ನಡೆಯಿಸಿದರು.

ಇವರ ಆರಾಧನೆಯ ಹೃದಯವು ಕರ್ತನ ಭೋಜನವೆಂಬ ಸಂಸ್ಕಾರ. ಉಪವಾಸದಿಂದಿದ್ದು ಅದನ್ನು ಸ್ವೀಕರಿಸಬೇಕೆಂಬುದು ಇವರ ಆಚಾರ. ರೋಮನ್ ಕ್ಯಾಥೊಲಿಕರಲ್ಲಿ ಆ ಕಾಲಕ್ಕೆ ಸಾಮಾನ್ಯ ಭಕ್ತರಿಗೆ ರೊಟ್ಟಿ ಮಾತ್ರ ಸಲ್ಲುತ್ತಿದ್ದಿತು. ಆಂಗ್ಲ ಚರ್ಚಿನಲ್ಲಿ ದ್ರಾಕ್ಷಾರಸದ ಪಾತ್ರೆಯೂ ಸಲ್ಲುವುದು. ಒಂದೇ ಪಾತ್ರೆಗೆ ಎಲ್ಲರೂ ತುಟಿ ಹಚ್ಚಬೇಕಾದುದರಿಂದ, ಉಚ್ಛಿಷ್ಟವನ್ನು ಮಹಾದೋಷವೆಂದು ಎಣಿಸುವ ದೇಶದಲ್ಲಿ ಇದು ಸಾಮಾನ್ಯ ವಿಷಯವಾಗಿರಲಿಲ್ಲ. ಆಕ್ಸ್‌ಫರ್ಡಿನ ಉಪದೇಶ ನಡೆದ ೧೮೩೩ರಲ್ಲಿಯೇ, ಆ ಪಂಥಕ್ಕೆ ಸೇರದ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನನು ಇಗರ್ಜಿಗಳಲ್ಲಿ ಜಾತಿಭೇದವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಆಜ್ಞಾಪತ್ರವನ್ನು ಹೊರಡಿಸಿದನು. ತಂಜಾವೂರಿನಲ್ಲಿ ಅನೇಕ ಕ್ರೈಸ್ತರು ಇದನ್ನೊಪ್ಪದೆ ದೂರ ಸರಿದರು. ಮತಾಂತರವಾದರೂ ಪಂಕ್ತ್ಯಂತರವಾಗಿರಲಿಲ್ಲವೆಂಬುದು ಇದರಿಂದ ವಿದಿತವಾಗುವುದು.

ಇದು ಇಗರ್ಜಿಯ ಒಳಗಿನ ಪಾತ್ರೆಯ ಮಾತು. ಹೊರಗಿನ ಬಟ್ಟಲಿನ ಕಥೆ ಬೇರೆ. ೧೮೯೦ನೆಯ ಅಕ್ಟೋಬರ್ ೧೪ರಂದು ಪಂಚಹೌದಿನ ಮಿಶನ್ನಿನವರು ಪುಣೆಯ ವಿದ್ವಜ್ಜನರನ್ನು ಸಭೆಗೆ ಕರೆದು ಚಹಾ ಬಿಸ್ಕೀಟುಗಳಿಂದ ಉಪಚರಿಸಿದರು. ಮಹಾದೇವ ಗೋವಿಂದ ರಾನಡೆ, ಬಾಲ ಗಂಗಾಧರ ತಿಲಕ ಮೊದಲಾದ ನಲವತ್ತಕ್ಕೂ ಹೆಚ್ಚು ಮಂದಿ ಅಲ್ಲಿದ್ದರು. ಕೆಲವರು ಕುಡಿದರು, ಕೆಲವರು ಬಟ್ಟಲನ್ನು ಮುಟ್ಟಿ ಇಟ್ಟರು. ಗೋಪಾಳರಾವ್ ಜೋಶಿಯವರು ಅವರೆಲ್ಲರ ಹೆಸರುಗಳನ್ನು ‘ಪುಣೇ ವೈಭವ’ ಪತ್ರಿಕೆಯಲ್ಲಿ ಪ್ರಕಟಪಡಿಸಲು ನಗರದಲ್ಲಿ ಕೋಲಾಹಲವೆದ್ದಿತು. ವ್ಯಾಜ್ಯವು ಸಂಕೇಶ್ವರ-ಕರವೀರ ಪೀಠದ ಶಂಕರಾಚಾರ್ಯರವರೆಗೆ ಹೋಯಿತು. ಕನ್ನಡನಾಡಿನ ಸಂಕೇಶ್ವರದ ಹೆಸರನ್ನು ಹೊತ್ತ ಪೀಠವು ಪುಣೆಯ ಚಹಾ ಬಟ್ಟಲಿನ ಶುದ್ಧಾಶುದ್ಧಿಯನ್ನು ವಿಚಾರಿಸಬೇಕಾಯಿತು. ಪ್ರಾಯಶ್ಚಿತ್ತವು ವಿಹಿತವಾಯಿತು. ತಿಲಕರು ತಾವು ಕಾಶಿಯಲ್ಲಿ ಅದನ್ನು ಮಾಡಿಕೊಂಡುದಾಗಿ ತಿಳಿಸಿದರು. ರಾನಡೆಯವರು ಬಹಿಷ್ಕೃತರಾದ ಸ್ನೇಹಿತರ ಕುಟುಂಬಗಳ ಸಂಕಟವನ್ನು ನೋಡಲಾರದೆ ೧೮೯೨ರಲ್ಲಿ ಪ್ರಾಯಶ್ಚಿತ್ತಕ್ಕೆ ಒಪ್ಪಿದರು. ಸುಧಾರಕರು ಇದನ್ನು ದೌರ್ಬಲ್ಯವೆಂದು ಹಳಿದರು. ಆದರೆ ಮನೆಗೆ ನೆಂಟರು ಬಾರದೆ, ಶುಭಕಾರ್ಯಕ್ಕೆ ಪುರೋಹಿತರು ದೊರೆಯದೆ ಬಾಳುವುದರ ಕಷ್ಟವನ್ನು ಬಲ್ಲವರು ಅಷ್ಟು ಬೇಗ ತೀರ್ಪು ಕೊಡಲಾರರು.

ಇನ್ನು ಮಾನ್ವಿಯ ಐತಿಹ್ಯ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಅದೇ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಪದಗಳನ್ನು ಹಾಡುವವರು. ದಾಸರು ಭೋಜನಕ್ಕೆ ಆಹ್ವಾನಿಸಿದಾಗ ಆಚಾರ್ಯರು ಉದರವ್ಯಾಧಿಯ ನೆಪವನ್ನು ಹೇಳಿ ನಿರಾಕರಿಸಿದರಂತೆ. ನೆಪವೇ ನಿಜವಾಗಿ ವ್ಯಾಧಿಯು ಪ್ರಾಪ್ತವಾಯಿತಂತೆ. ಮಂತ್ರಾಲಯದಲ್ಲಿ ಸೇವೆ ಮಾಡಲು, ವಿಜಯದಾಸರಲ್ಲಿಗೆ ಹೋಗೆಂದು ಸ್ವಪ್ನಾಜ್ಞೆಯಾಯಿತು. ವಿಜಯದಾಸರು ತಮ್ಮ ಶಿಷ್ಯರೂ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರೂ ಆದ ಗೋಪಾಲದಾಸರಲ್ಲಿಗೆ ಅವರನ್ನು ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಉಣಿಸಿ ವ್ಯಾಧಿಯನ್ನು ನೀಗಿ, ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯವು ಹೇಳುವುದು. ಆ ಆಚಾರ್ಯರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದ ಭಾಮಿನೀಷಟ್ಪದಿಯಲ್ಲಿ ರಚಿಸಿದರು.

ಈ ಎರಡು ವೃತ್ತಾಂತಗಳಿಗೆ ಸಾಮ್ಯವನ್ನು ಹೇಳುವಾಗ ಭೇದವನ್ನು ಮರೆಯಲಾಗದು. ಪುಣೆಯದು ಇತಿಹಾಸ, ಮಾನ್ವಿಯದು ಐತಿಹ್ಯ. ಅಲ್ಲಿ ಎದುರಾದವರು ಭಿನ್ನಮತದವರು. ಇಲ್ಲಿ ಕುಲವೂ ಒಂದೇ, ಸಿದ್ಧಾಂತವೂ ಒಂದೇ. ಆದುದರಿಂದ ಮಾನ್ವಿಯಲ್ಲಿ ಪಂಕ್ತಿಯನ್ನು ಮುರಿದುದು ಶುದ್ಧಿಯ ನಿಯಮವಲ್ಲ, ವಿದ್ಯಾಮದ. ಅದಕ್ಕಿಂತಲೂ ವಿಚಾರಾರ್ಹವಾದ ಅಂಶ ಇನ್ನೊಂದುಂಟು: ಪುಣೆಯಲ್ಲಿ ಸ್ವೀಕರಿಸಿದುದಕ್ಕೆ ಪ್ರಾಯಶ್ಚಿತ್ತ, ಮಾನ್ವಿಯಲ್ಲಿ ನಿರಾಕರಿಸಿದುದಕ್ಕೆ ಪ್ರಾಯಶ್ಚಿತ್ತ. ಪೀಠದ ನಿರ್ಣಯವು ಪಂಕ್ತಿಯ ಮೇರೆಯನ್ನು ಕಾಯ್ದಿತು. ದಾಸರ ಕಥೆಯು ಆ ಮೇರೆಯೊಳಗೇ ಅಡಗಿದ ದೋಷವನ್ನು ತೋರಿಸಿತು. ಆಚಾರವನ್ನು ಕಾಯುವವರಿಗೆ ಮೊದಲನೆಯದು ತಿಳಿದಿದ್ದರೆ ಸಾಲದು, ಎರಡನೆಯದೂ ತಿಳಿದಿರಬೇಕು.